ಗೇರ್‌ಪೆಟ್ಟಿಗೆಯೊಳಗಿನ ನೀರು

ಅಡಿಯ ಬಿರಡೆ ಕಳಚಿದ್ದೇ ತಡ, ಟ್ರ್ಯಾಕ್ಟರಿನ ಹೊಟ್ಟೆಯಿಂದ ಕರಿ ಎಣ್ಣೆಯ ಬದಲು ಮಜ್ಜಿಗೆಯಂಥದ್ದು ಬಳಬಳನೆ ಬಾಣಲೆಗೆ ಸುರಿಯಿತು. ಕೊಳ್ಳೇಗಾಲದಿಂದ ಬಂದಿದ್ದ ಮುದ್ದಯ್ಯ ಮೇಸ್ತ್ರಿ ಅದರಲ್ಲಿ ಬೆರಳದ್ದಿ, ಉಜ್ಜಿ ನೋಡಿದ.

"ಗೇರ್ ಆಯಿಲ್‌ಗೆ ನೀರು ಸೇರ್ಬುಟ್ಟದೆ ಸಾ. ಅದ್ಕೇಯ ಗೇರು ಕರಕರ ಅಂತಿದ್ದುದು. ಇಂಗೇ ಓಡ್ಸಿದ್ರೆ ಒಳ್ಗಡೆ ಹಲ್ಲೆಲ್ಲ ಸವ್ದೋಗವು."

ಶಿವಮಲ್ಲಪ್ಪನ ಮುಖ ಕೆಂಪಾಯಿತು. ಧನಗೆರೆಯಲ್ಲಿ ಟ್ರ್ಯಾಕ್ಟರ್ ಅಂತ ಇದ್ದದ್ದು ಅವನೊಬ್ಬನ ಮನೆಯಲ್ಲಿ. ಕೊಯಮತ್ತೂರು ಕಡೆಯ ತೋಟದವರು ಓಡಿಸಿ ಮಾರಿದ ಹಳೆಯದೇ ಇರಲಿ, ಅದು ಊರಿಗೆ ಬಂದಂದಿನಿಂದ ಯಜಮಾನನ ನಡಿಗೆಯೇ ಬೇರೆಯಾಗಿತ್ತು. ಈಗ ನೋಡಲು ಸೇರಿದ ಜನ ಒಳಗೊಳಗೇ ನಗುತ್ತಿದ್ದಾರೆ ಅನ್ನಿಸಿತು. ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿನ ಪಕ್ಕದಲ್ಲೇ ಮಲಗಿ ಕಾಯುತ್ತಿದ್ದ ಆಳು ಜವರಯ್ಯ ಕಣ್ಣಿಗೆ ಬಿದ್ದ.

"ಏನ್ಲಾ ಜವರ, ಎಣ್ಣೆ ಬಸ್ಕಂಡು ನೀರ್ ತುಂಬ್ದಾ?"

"ಶಿವ್ಶಿವಾ! ನಾನ್ಯಾಕ್ ಬುದ್ದಿ ಅಂಥ ಕೆಲ್ಸ ಮಾಡಾನ?"

"ನಿನ್ ಎತ್ತಿನ್ ಗಾಡಿ ಊರಿಗೆಲ್ಲ ಕೇಳಂಗೆ ಕಿರ್ರೋ ಅಂತಿತ್ತು. ಈಗ ಸದ್ದೇ ಇಲ್ವಲ್ಲ. ಕೀಲಿಗೆ ಯಾವ ಎಣ್ಣೆ ಬುಟ್ಟಿದ್ದೀಯೆ?"

"ಅಳ್ಳೆಣ್ಣೆ ಬುದ್ದಿ. ಮನೇಲೇ ಕಾಯ್ಸಿದ್ದು. ನಮ್ ಭಾಗ್ಯನ ಬೇಕಾರೆ ಕೇಳಿ."

"ಎಂಡ್ತೀನ ಯಾಕ್ಲಾ ಕೇಳ್ಲಿ? ಮಾದಪ್ಪನ ಕರ್ಪೂರ ಆರ್ಸು ನೋಡಾನ."

ಉರಿಯುವ ಕರ್ಪೂರವನ್ನು ಬರಿಗೈಯಲ್ಲಿ ಒತ್ತಿ ಆರಿಸಬೇಕು. ಸತ್ಯವಂತನ ಕೈಯನ್ನು ಮಾದಪ್ಪ ಸುಡುವುದಿಲ್ಲ. ಊರೇ ನಂಬಿದ್ದ ಮಾತು, ಜವರಯ್ಯನೂ ನಂಬಿದ್ದ. ಅದಕ್ಕೇ ಹಿಂದೆಮುಂದೆ ನೋಡದೆ, ಒಂದಿಷ್ಟು ಹೆಮ್ಮೆಯಿಂದಲೇ ಅಂಗೈ ಒತ್ತಿದ. ಆರಿಸುವುದಕ್ಕೆ ಒಂದು ಬಿಲ್ಲೆ ಸಾಲದೇ? ಶಿವಮಲ್ಲಪ್ಪ ಸಿಟ್ಟಿನ ಭರದಲ್ಲಿ ಹಿಡಿಯಷ್ಟು ಸುರಿದು ಹಚ್ಚಿದ್ದ. ಕೈ ತೆಗೆದಾಗ ಅಂಗೈಯ ನಡುವೆ ಚರ್ಮ ಎದ್ದು ಬಂದಿತ್ತು.

"ಅಯ್ಯಯ್ಯೋ, ಸುಟ್ಬುಡ್ತಲ್ಲಪ್ಪ!" ಎಂದರು ಯಾರೋ. ಅಷ್ಟು ಹೊತ್ತು ಅವನ ಮಗ್ಗುಲಲ್ಲಿ ನಿಂತಿದ್ದವರು ದೂರ ಸರಿದರು. ಜವರಯ್ಯ ಆ ಕೈ ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತ ಮನೆಯತ್ತ ನಡೆದ. ನೋಡುವುದು ಮುಗಿದ ಮೇಲೆ ಜನವೂ ಚದುರಿತು.

ಮೇಸ್ತ್ರಿ ಮಾತ್ರ ತನ್ನ ಪಾಡಿಗೆ ತಾನು ಸೀಮೆಎಣ್ಣೆ ಹಾಕಿ ಪೆಟ್ಟಿಗೆ ತೊಳೆದ. ಹೊಸ ಎಣ್ಣೆ ಹುಯ್ಯುವ ಮುಂಚೆ ಮೇಲೆ ಹತ್ತಿ, ಗೇರ್ ಕೋಲಿನ ಬುಡದ ರಬ್ಬರು ಎತ್ತಿದ. ಅದು ಒಂದು ಕಡೆ ಹರಿದಿತ್ತು.

"ಸಾ, ಒಸಿ ಇಲ್ ಬನ್ನಿ."

ರಬ್ಬರಿನ ಅಡಿಯಲ್ಲಿ ಕೆಂಪಗೆ ಕುಂಕುಮದ ಕೆಸರು. ಅದರಲ್ಲಿ ಅಂಟಿಕೊಂಡು ಚೆಂಡುಹೂವಿನ ಎಸಳು.

"ಆಯ್ದಪೂಜೆ ದಿನ ಮ್ಯಾಲಿಂದ ನೀರು ಉಯ್ದಿದ್ರಾ?"

ಹುಯ್ದಿದ್ದ. ಪೂಜೆಯ ಹೊತ್ತಿಗೆ ಜವರಯ್ಯನನ್ನು ಆಚೆ ನಿಲ್ಲಲು ಹೇಳಿ, ಎತ್ತಿಗೆ ಮೈ ತೊಳೆಯುವ ಹಾಗೆ ತಾನೇ ಸೀಟಿನ ಮೇಲೆ ನಿಂತು ಕೊಡಗಟ್ಟಲೆ ಹುಯ್ದಿದ್ದ. ಕುಂಕುಮ, ಹೂವು ಎಲ್ಲ ಕೊಚ್ಚಿಕೊಂಡು ಇಳಿದದ್ದನ್ನು ನೋಡಿ ಮೈಮರೆತಿದ್ದ. ಈಗ ಶಿವಮಲ್ಲಪ್ಪನಿಗೆ ಮೇಸ್ತ್ರಿಯ ಮುಖ ನೋಡಲಾಗಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಅಂದುಕೊಂಡ. ಮೇಸ್ತ್ರಿ ಹೋದ ಮೇಲೂ ಊಟ ಸೇರಲಿಲ್ಲ. ಹೆಂಡತಿ ಮಹಾದೇವಮ್ಮ ಏನಾಯಿತೆಂದು ಕೇಳಿದರೆ ಅವಳ ಮೇಲೇ ರೇಗಿದ.

ದೀಪ ಹಚ್ಚುವ ಹೊತ್ತಿಗೆ ಜವರಯ್ಯನ ಗುಡಿಸಲ ಮುಂದೆ ಹೋಗಿ ನಿಂತ. ಭಾಗ್ಯಮ್ಮ ಗಂಡನ ಅಂಗೈಗೆ ಲೋಳೆಸರ ಹಚ್ಚುತ್ತಿದ್ದಳು. ಯಜಮಾನನನ್ನು ಕಂಡು ಜವರಯ್ಯ ಎದ್ದ.

"ಬುದ್ದಿ, ಎಣ್ಣೆ ನಾ ಮುಟ್ನಿಲ್ಲ. ಆದ್ರೂ ಮಾದಪ್ಪ ಸುಟ್ಟವ್ನೆ ಅಂದ್ರೆ ಇನ್ನೇನೋ ತಪ್ಪು ಮಾಡಿರ್ಬೇಕು ನಾನು. ಆಗ್ಲಿಂದ ಯೋಚ್ನೆ ಮಾಡ್ತಾವ್ನಿ, ಒಳೀತಾನೇ ಇಲ್ಲ."

 ಬೈದಿದ್ದರೆ ಶಿವಮಲ್ಲಪ್ಪ ತಡೆದುಕೊಳ್ಳುತ್ತಿದ್ದ.

"ನಾನೇ ಕಣ್ಲಾ ನೀರು ಉಯ್ದಿದ್ದು. ಪೂಜೆ ದಿನ. ತಪ್ಪು ನಂದು."

ಜವರಯ್ಯ ತನ್ನ ಅಂಗೈ ನೋಡಿಕೊಂಡ. ಮಾತಾಡಿದವಳು ಭಾಗ್ಯಮ್ಮ.

"ನಮ್ಗ್ಯಾಕ್ ಬುದ್ದಿ ಏಳ್ತೀರಿ? ಕಳ್ಳ ಅಂತ ಅನ್ಸಿದ್ದು ಊರ ಮುಂದೆ. ಅಲ್ಲೋಗಿ ಏಳಿ."

ಅರಳಿಕಟ್ಟೆಯ ಮೇಲೆ ಅದೇ ಮಾತು ನಡೆದಿತ್ತು. ಶಿವಮಲ್ಲಪ್ಪ ಅಲ್ಲಿಗೆ ಹೋಗಿ, ನಿಂತುಕೊಂಡೇ, ನೆಲ ನೋಡಿಕೊಂಡು, ಎಲ್ಲ ಹೇಳಿದ. ನೀರು, ಹರಿದ ರಬ್ಬರು, ಹೂವಿನ ಎಸಳು. ಒಂದನ್ನೂ ಬಿಡಲಿಲ್ಲ.

"ಮತ್ತೆ ಕೈ ಸುಡ್ತಲ್ಲ?" ಎಂದ ಊರಿನ ಹಿರಿಯ ಗುರುಪಾದಸ್ವಾಮಿ.

"ಬೆಂಕಿ ಕಣಯ್ಯ! ಸುಡ್ದೆ ಇನ್ನೇನ್ ಮಾಡದು?" ಎಂದ ಶಿವಮಲ್ಲಪ್ಪ.

ಗುರುಪಾದಸ್ವಾಮಿ ಪಕ್ಕದವರ ಕಡೆ ತಿರುಗಿ ತಲೆದೂಗಿದ.

"ನೋಡ್ರಪ್ಪ, ದೊಡ್ಮನುಸ್ರು ಅಂದ್ರೆ ಇವ್ರು. ಆಳು ಕದ್ದುದ್ನೂ ತಮ್ ತಲೆ ಮ್ಯಾಲ್ ಆಕ್ಕತಾವ್ರೆ."

"ಊಂ ಮತ್ತೆ, ಯಾರ್ ಮಾಡಾರು ಇಂಗೆ?" ಎಂದ ಪಕ್ಕದವನು.

"ಅಲ್ರಯ್ಯ, ನಿಜ್ವಾಗ್ಲೂ ನಾನೇ..." ಎಂದ ಶಿವಮಲ್ಲಪ್ಪ. ಅವನು ಹೇಳಿದಷ್ಟೂ ಅವರ ಕಣ್ಣಲ್ಲಿ ಮೆಚ್ಚುಗೆ ಹೆಚ್ಚಿತು. ಗುರುಪಾದಸ್ವಾಮಿ ಸರಿದು ಜಾಗ ಮಾಡಿ, ಹೆಗಲ ಟವಲಿನಿಂದ ಕಲ್ಲು ಒರೆಸಿ, "ಬನ್ನಿ, ಕೂತ್ಕಳಿ" ಅಂದ.

ಶಿವಮಲ್ಲಪ್ಪನ ಹಿಂದೆಯೇ ಬಂದು ಬೀದಿಯ ತುದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಭಾಗ್ಯಮ್ಮ, ಸೆರಗು ತಲೆ ಮೇಲೆ ಎಳೆದುಕೊಂಡು ತಿರುಗಿ ನಡೆದಳು.