ನೆಲ ಮುಟ್ಟದ ಮಳೆ

ಗುತ್ತಿಗಾರಿನ ಬೋಜಣ್ಣನಿಗೆ ಪ್ರತಿ ಏಪ್ರಿಲ್‌ನಲ್ಲೂ ಒಂದೇ ಪ್ರಶ್ನೆ: ಸುಡುಮಣ್ಣಿಗೆ ಬೆಂಕಿ ಕೊಡುವುದು ಯಾವಾಗ? ಗುಡ್ಡೆಯಿಂದ ಗುಡಿಸಿ ತಂದ ತರಗೆಲೆ, ಅದರ ಮೇಲೆ ಮಣ್ಣು, ಮತ್ತೆ ತರಗೆಲೆ. ಸುಟ್ಟು ಕೆಂಪಾದರೆ ಬಸಳೆಗೂ ಬೆಂಡೆಗೂ ಗೊಬ್ಬರ. ಉತ್ತರವೂ ಅವನಲ್ಲಿ ಸಿದ್ಧವಿತ್ತು. ಮೋಡ ಕಂಡ ದಿನ ಹಚ್ಚುವುದು, ಕಾಯುವ ಕೆಲಸವನ್ನು ಮಳೆಗೆ ಬಿಟ್ಟು ತಾನು ಮಲಗುವುದು.

ಎಂಬತ್ತಮೂರನೇ ಇಸವಿಯ ಒಂದು ಮಧ್ಯಾಹ್ನ ಘಟ್ಟದ ಮೇಲೆ ಮೋಡ ಎದ್ದಿತು. ಯಾರೋ ಖಾಲಿ ಹಂಡೆ ಉರುಳಿಸಿದಂತೆ ದೂರದಲ್ಲಿ ಗುಡುಗು. ಬೋಜಣ್ಣ ಹೆಂಡತಿ ಮೋಹಿನಿಯ ಹತ್ತಿರ ಬೆಂಕಿಪೆಟ್ಟಿಗೆ ಕೇಳಿದ.

"ಇವತ್ತು ಬೇಡ ಬೋಜಣ್ಣ," ಎಂದಳು ಪಕ್ಕದ ಮನೆಯ ಬೀಫಾತುಮ್ಮ. ಅವಳೂ ಮೋಹಿನಿಯೂ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು.

"ಗುಡುಗು ಕೇಳ್ಲಿಲ್ವಾ? ಸಂಜೆಗೆ ಮಳೆ ಉಂಟು."

"ಗುಡುಗು ಉಂಟು. ಮಳೆ ಎಲ್ಲುಂಟು? ಈ ಎಲೆ ನೋಡಿ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಈಗ ಹಪ್ಪಳದ ಹಾಗೆ ಮುರಿತದೆ. ಗಾಳಿಯಲ್ಲಿ ಪಸೆಯೇ ಇಲ್ಲ."

"ಹಾಗಾದ್ರೆ ಹವಾಮಾನದವರು ಎಂತಕ್ಕೆ? ಅವರೂ ಬೀಡಿ ಕಟ್ಟಿದ್ರೆ ಸಾಕಿತ್ತು."

"ಅವರು ರೇಡಿಯೋದಲ್ಲಿ ಹೇಳಿದ್ದೂ ಅದನ್ನೇ ಮಾರಾಯ್ರೆ. ಗುಡುಗು, ಒಣಗಾಳಿ. ಮಳೆ ಮೇಲೆಯೇ ಆರಿ ಹೋಗ್ತದೆ, ಸಿಡಿಲು ಮಾತ್ರ ಕೆಳಗೆ ಬರ್ತದೆ."

ಮೋಹಿನಿ ಗುಡ್ಡೆಯ ಬುಡದ ಮುಳಿಹುಲ್ಲಿನ ರಾಶಿಯನ್ನು ನೋಡಿದಳು. ಮಳೆಗಾಲಕ್ಕೆ ಮುಂಚೆ ಮನೆಯ ಮಾಡಿಗೆ ಹೊದಿಸಬೇಕಾದ ಹುಲ್ಲು. ಅದು ಹೋದರೆ ಜೂನ್‌ನಲ್ಲಿ ಮಕ್ಕಳ ತಲೆಯ ಮೇಲೆ ಆಕಾಶವೇ. ಅವಳು ಬೆಂಕಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಕೈಗೆ ಹಿಡಿಸೂಡಿ ಕೊಟ್ಟಳು.

"ಕಾಡಿನ ಅಂಚು ಗುಡಿಸುವ. ಕಾಡಿಗೂ ಹುಲ್ಲಿಗೂ ನಡುವೆ ಒಂದು ಎಲೆ ಇರಬಾರ್ದು."

"ಅಂಗಳ ಗುಡಿಸ್ಲಿಕ್ಕೇ ಜನ ಇಲ್ಲ, ಇನ್ನು ಗುಡ್ಡೆ ಗುಡಿಸುದು," ಎಂದು ಗೊಣಗುತ್ತಲೇ ಬೋಜಣ್ಣ ಹೊರಟ. ಮೂವರೂ ಸೇರಿ ನಾಲ್ಕು ಮಾರು ಅಗಲಕ್ಕೆ ಕೆಂಪು ನೆಲ ತೆರೆದರು. ಗುಡುಗು ಹತ್ತಿರವಾದಾಗ ಒಳಗೆ ಬಂದರು.

ಆಮೇಲೆ ಕಂಡದ್ದನ್ನು ಬೋಜಣ್ಣ ಬಹಳ ಕಾಲ ಕನಸು ಎಂದೇ ಹೇಳುತ್ತಿದ್ದ. ಮೋಡದಿಂದ ಮಳೆ ಬೂದು ನೂಲಿನಂತೆ ಇಳಿಯಿತು. ನಡುದಾರಿಯಲ್ಲಿ ಮನಸ್ಸು ಬದಲಿಸಿದಂತೆ ಇಲ್ಲವಾಯಿತು. ಅಂಗಳದಲ್ಲಿ ಒಂದು ಹನಿಯಿಲ್ಲ. ಗಾಳಿ ಮಾತ್ರ ಬಂತು. ಸುಡುಮಣ್ಣಿನ ರಾಶಿಯಿಂದ ಎಲೆಗಳು ಒಂದೊಂದಾಗಿ ಎದ್ದು, ಯಾವ ಅವಸರವೂ ಇಲ್ಲದೆ ತೇಲಿ, ಮುಳಿಹುಲ್ಲಿನ ಮೇಲೆ ಹೋಗಿ ಕೂತವು.

"ಇದಕ್ಕೆ ಬೆಂಕಿ ಕೊಟ್ಟಿದ್ರೆ..." ಎಂದ ಬೋಜಣ್ಣ.

ಅಷ್ಟರಲ್ಲಿ ಮೇಲಿನ ಕಾಡಿನ ಒಣಮರಕ್ಕೆ ಸಿಡಿಲು ಬಡಿಯಿತು. ಬೆಂಕಿ ತರಗೆಲೆ ಹಿಡಿದು ತೆವಳುತ್ತ ಇಳಿಯಿತು. ಗಾಳಿ ಆಗಲೇ ಅಡಗಿತ್ತು. ಗುಡಿಸಿದ ಕೆಂಪು ನೆಲದವರೆಗೆ ಬಂದ ಬೆಂಕಿ, ತಿನ್ನಲು ಏನೂ ಸಿಗದೆ ನಿಂತಿತು. ಗುಡುಗು ಸರಿದ ಮೇಲೆ ಊರವರು ಹಸಿ ಸೊಪ್ಪಿನಿಂದ ಬಡಿದು ಆರಿಸಿದರು.

ಮರುದಿನ ಬೋಜಣ್ಣ ಬೀಫಾತುಮ್ಮನ ಜಗಲಿಗೆ ಬಂದ.

"ಒಂದು ಬೀಡಿ ಎಲೆ ಕೊಡಿ."

"ಎಂತಕ್ಕೆ, ಸೇದ್ಲಿಕ್ಕಾ?"

"ಅಲ್ಲ. ಮನೆಯಲ್ಲಿ ನೇತು ಹಾಕ್ಲಿಕ್ಕೆ. ಸುಡುಮಣ್ಣಿಗೆ ದಿನ ನೋಡುದು."

ಎರಡು ಒಳ್ಳೆಯ ಮಳೆ ಬಂದು ಎಲೆ ಮೆತ್ತಗಾದ ಮೇಲೆಯೇ ಅವನು ರಾಶಿಗೆ ಬೆಂಕಿ ಕೊಟ್ಟದ್ದು.

ನಿಮ್ಮ ಗುಡ್ಡೆಯ ಬುಡದಲ್ಲೂ ಒಂದು ರಾಶಿ ಕಾಯುತ್ತಿರಬಹುದು. ಗುಡುಗಿದ ಮಾತ್ರಕ್ಕೆ ಮಳೆ ಬಂತೆಂದು ತಿಳಿಯಬೇಡಿ. ತರಗೆಲೆ ಅಂಗೈಯಲ್ಲಿ ಪುಡಿಯಾದರೆ, ರೇಡಿಯೋ ಒಣಗಾಳಿ ಎಂದರೆ, ಅಂದು ಬೆಂಕಿ ಬೇಡ; ಕಾಡಿನ ಅಂಚು ಗುಡಿಸಿಡಿ. ಗುಡುಗು ಹತ್ತಿರ ಬಂದರೆ ಒಳಗಿರಿ. ಹೊಗೆ ಕಂಡರೆ ಅರಣ್ಯ ರಕ್ಷಕರಿಗೆ ತಿಳಿಸಿ. ನೆಲ ನೆನೆಯುವ ತನಕ ಬೆಂಕಿಪೆಟ್ಟಿಗೆ ಮೋಹಿನಿಯಂಥವರ ಸೊಂಟದಲ್ಲೇ ಇರಲಿ.