ಎರಡು ಪಟ್ಟಿಯಲ್ಲಿ ಒಂದೇ ಹೆಸರು

"ಬಾಯಿ ತೆಗಿಯೇ ಮುಂಡೆ! ಸಾಹೇಬ್ರು ಹಲ್ಲು ನೋಡ್ಬೇಕಂತೆ." ಧಣಿ ಹಸ್ಕೆಲ್ ಗದರಿದ.

ಬೈನಾ ಒನಕೆ ಒರಗಿಸಿ ಬಾಯಿ ತೆರೆದಳು. ಚಾರ್ಲ್‌ಸ್ಟನ್ ಪೇಟೆಯಿಂದ ಸಾಲ ಕೊಡಲು ಬಂದಿದ್ದ ಸಾಹೇಬ ಹೆಬ್ಬೆರಳು ತೂರಿಸಿ ದವಡೆಯವರೆಗೂ ತಡಕಿದ. ಬೆರಳಿಗೆ ಹೊಗೆಸೊಪ್ಪಿನ ಕಹಿ, ಮೇಲೆ ಹಿಂದಿನವರ ಎಂಜಲು. ಥೂ, ಕುದುರೆಯಾದರೆ ಕಚ್ಚಿಯಾದರೂ ಕಚ್ಚುತ್ತಿತ್ತು.

ಭತ್ತ ಕುಟ್ಟುವ ಕಣದಲ್ಲಿ ಧಣಿ ಹಸ್ಕೆಲ್‌ನ ಹನ್ನೊಂದು ಗುಲಾಮರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರನ್ನೇ ಓಡಿಸಿ, ಬಗ್ಗಿಸಿ, ಬೆನ್ನು ಸವರಿ ನೋಡಿ ಸಾಹೇಬ ಪಟ್ಟಿ ಬರೆಯುತ್ತಿದ್ದ. ಧಣಿ ಸಾಲ ತೀರಿಸದಿದ್ದರೆ ಅವರೆಲ್ಲ ಸಾಹೇಬನ ಸ್ವತ್ತು.

"ಬೈನಾ. ಮೂವತ್ತು ವರ್ಷ. ಮುಂದೆ ಹುಟ್ಟೋ ಮಕ್ಕಳೂ ಸೇರಿ," ಅಂತ ಸಾಹೇಬ ಗಟ್ಟಿಯಾಗಿ ಓದಿದ.

ಪಕ್ಕದಲ್ಲಿದ್ದ ಮುದುಕ ಕ್ವಾಶ್ ಗೊಣಗಿದ. "ಹೊಟ್ಟೇಲಿ ಇನ್ನೂ ನಿಲ್ದೇ ಇರೋದ್ನೂ ಅಡ ಇಟ್ಬುಟ್ನಲ್ಲವ್ವ. ನನ್ ಹೆಣಾನೂ ಬರ್ಕೊ ಅನ್ನು."

"ಬರೀ ಕಾಗದ ಸಾಲೋದಿಲ್ಲ ಹಸ್ಕೆಲ್," ಅಂದ ಸಾಹೇಬ. "ಸಾಲ ತೀರೋವರ್ಗೂ ಒಂದು ಹುಡುಗಿ ನನ್ನ ಮನೇಲಿರ್ಲಿ."

ಧಣಿ ಹಿಂದೆಮುಂದೆ ನೋಡಲಿಲ್ಲ. ಬೈನಾಳ ಮಗಳು ಡೆಲ್ಸಿಯ ರಟ್ಟೆ ಹಿಡಿದೆಳೆದು ಸಾಹೇಬನ ಗಾಡಿ ಹತ್ತಿಸಿದ. ಹದಿಮೂರರ ಹುಡುಗಿ, ಕೈಯಲ್ಲಿದ್ದ ಮೊರ ಕೆಳಗಿಡುವುದಕ್ಕೂ ಬಿಡಲಿಲ್ಲ.

ಬೈನಾ ಸಾಲು ಬಿಟ್ಟು ಮುಂದೆ ಬಂದಳು. ಹಾಗೆ ಗಾಡಿ ಹತ್ತಿ ಪೇಟೆಗೆ ಹೋದ ಒಬ್ಬರೂ ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ.

"ಬುದ್ಧೀ," ಅಂದಳು ಸಾಹೇಬನಿಗೆ. "ನಮ್ ಹೆಸ್ರು ಇನ್ನೊಬ್ರ ಪಟ್ಟೀಲೂ ಅವೆ."

"ಬಾಯ್ಮುಚ್ಚೇ ಲೌಡಿ!" ಧಣಿ ಚೀರಿದ.

"ನಾಟಿ ಕಾಲ್ದಲ್ಲಿ ಸವಾನಾ ಪೇಟೆಯಿಂದ ಸಾಲ ಕೊಡೋರು ಒಬ್ರು ಬಂದಿದ್ರು ಬುದ್ಧಿ. ಎಡಗಾಲು ಕುಂಟು. ಅವ್ರೂ ಹಿಂಗೇ ಬಾಯ್ಗೆ ಬೆರಳಾಕಿ, ಇದೇ ಹನ್ನೊಂದು ಜನವ ಬರ್ಕೊಂಡೋದ್ರು."

"ಸುಳ್ಳು! ಈ ಜಾತಿ ಬಾಯ್ಬಿಟ್ರೆ ಸುಳ್ಳೇ!"

ಸಾಹೇಬ ಕ್ವಾಶ್ ಕಡೆ ತಿರುಗಿದ. "ಏನೋ ಮುದ್ಕ, ಹೌದೇನೋ?"

"ನನ್ ಬೀಜ ಹಿಸುಕಿ ನೋಡಿದ್ರು ಬುದ್ಧಿ. ಮರ್ತೋದಾತಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಧಣಿಯ ಮುಖ ಬಿಳಿಚಿಕೊಂಡಿತು. ಸಾಹೇಬನಿಗೆ ಅಷ್ಟೇ ಸಾಕಾಯಿತು. ಪಟ್ಟಿ ಹರಿದು ಬಿಸಾಕಿದ.

"ಒಂದೇ ಮಾಲನ್ನ ಇಬ್ರಿಗೆ ಅಡ ಇಡ್ತೀಯಾ? ಮಾನ ಮರ್ಯಾದೆ ಇಲ್ವೇನಯ್ಯಾ ನಿನ್ಗೆ? ಸವಾನಾದವ್ರಿಗೆ ಇವತ್ತೇ ಕಾಗದ ಬರೀತೀನಿ!"

ಬೈನಾ ಯಾರ ಅಪ್ಪಣೆಗೂ ಕಾಯಲಿಲ್ಲ. ನೆಟ್ಟಗೆ ಗಾಡಿಯ ಹತ್ತಿರ ಹೋಗಿ, "ಇಳಿಯವ್ವ," ಅಂತ ಮಗಳ ಸೊಂಟಕ್ಕೆ ಕೈಹಾಕಿ ಇಳಿಸಿಕೊಂಡಳು.

ಧಣಿ ಚಾಟಿ ಹಿಡಿದು ನುಗ್ಗಿ ಬಂದ. "ಇವತ್ತು ನಿನ್ನ ಚರ್ಮ ಸುಲೀತೀನಿ!"

ಬೈನಾ ಅಂಗಿಯನ್ನು ಭುಜದಿಂದ ಜಾರಿಸಿ ಬೆನ್ನು ಕೊಟ್ಟು ನಿಂತಳು.

"ಹೊಡೀರಿ ಬುದ್ಧಿ. ಈ ಬೆನ್ನು ಈಗ ನಿಮ್ದಲ್ಲ, ಸವಾನಾದೋರ್ದು. ಅವ್ರು ಸವರಿ ನೋಡಿ ಬರ್ಕೊಂಡಾಗ ಒಂದು ಗೆರೆನೂ ಇರ್ನಿಲ್ಲ. ಬಾಸುಂಡೆ ಬಂದ್ರೆ ಅವ್ರಿಗೆ ಏನ್ ಜವಾಬು ಹೇಳೀರಿ?"

ಗಾಡಿ ಹತ್ತಿದ್ದ ಸಾಹೇಬ ಹೊರಡದೆ ನೋಡುತ್ತಿದ್ದ. ಧಣಿಯ ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು.

ಕ್ವಾಶ್ ಒನಕೆ ಕೆಳಗೆ ಹಾಕಿ ಬಂದ. ಅಂಗಿ ಕಳಚಿ, ಬೈನಾಳ ಪಕ್ಕಕ್ಕೆ ಧಣಿಗೆ ಬೆನ್ನು ಕೊಟ್ಟು ನಿಂತ. ಆಮೇಲೆ ಡೆಲ್ಸಿ ನಿಂತಳು. ಆಮೇಲೆ ಉಳಿದವರು ಒಬ್ಬೊಬ್ಬರೇ ಬಂದು ನಿಂತರು.