ಮರ ಹೆದರಿಸಿದ ಭಾನುವಾರ

ತಿಪಟೂರಿನಲ್ಲಿ ಹುಟ್ಟಿದವರಿಗೆಲ್ಲ ತೆಂಗಿನ ಕೃಷಿ ಗೊತ್ತಿರುತ್ತದೆ ಎಂದು ನಂಬುವ ಜನ ಡಬ್ಲಿನ್ನಿನಲ್ಲಿ ಸಿಕ್ಕಿದ್ದು ನಂಜುಂಡಪ್ಪನ ಪುಣ್ಯವೋ ಪಾಪವೋ, ಹೇಳುವುದು ಕಷ್ಟ. ಅವನ ತಂದೆಗೆ ತಿಪಟೂರಿನ ಪೇಟೆಬೀದಿಯಲ್ಲಿ ಇದ್ದದ್ದು ಜವಳಿ ಅಂಗಡಿ. ತೆಂಗಿನೊಂದಿಗೆ ನಂಜುಂಡಪ್ಪನ ಸಂಬಂಧ ಚಟ್ನಿಯಿಂದ ಆಚೆಗೆ ಹೋದದ್ದೇ ಇಲ್ಲ. ಆದರೆ ಲೀಕ್ಸ್‌ಲಿಪ್‌ನಲ್ಲಿ ಅವನು ಕೆಲಸ ಮಾಡುವ ಕಂಪ್ಯೂಟರ್ ಚಿಪ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿದರೆ ಸಾಕು, ಎದೆ ಉಬ್ಬಿಸಿ ಶುರು ಮಾಡುತ್ತಿದ್ದ. ನಮ್ಮದು ತೆಂಗಿನ ಸೀಮೆ, ಮರದ ಮುಖ ನೋಡಿದರೆ ಅದರ ಕಷ್ಟಸುಖ ಹೇಳಿಬಿಡುತ್ತೇನೆ, ಇತ್ಯಾದಿ. ಉತ್ತರನ ಪೌರುಷ ಒಲೆ ಮುಂದೆ ಅನ್ನುತ್ತಾರೆ. ನಂಜುಂಡಪ್ಪನದು ಕ್ಯಾಂಟೀನಿನ ಮೈಕ್ರೋವೇವ್ ಮುಂದೆ.

ಈ ಮಾತುಗಳನ್ನೆಲ್ಲ ತಾಳ್ಮೆಯಿಂದ ಕೇಳುತ್ತಿದ್ದ ಇನ್ನೊಬ್ಬರೆಂದರೆ, ಅವನಿದ್ದ ಆಡಮ್ಸ್‌ಟೌನ್ ಬಡಾವಣೆಯಲ್ಲಿ ಪಕ್ಕದ ಮನೆಯ ಫರ್ಗಸ್. ಎಪ್ಪತ್ತು ದಾಟಿದ ನಿವೃತ್ತ ಬಸ್ ಡ್ರೈವರ್, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಂಜುಂಡಪ್ಪನೂ ಅವನ ಹೆಂಡತಿ ಚಿತ್ರಾಳೂ ಈ ಮನೆಗೆ ಬಂದ ವಾರವೇ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು, ಇದ್ದಬದ್ದ ಕಂಬಳಿಯೆಲ್ಲ ಹೊದ್ದು ನಡುಗುತ್ತ ಕೂತಿದ್ದಾಗ, ಯಾರೂ ಕರೆಯದೆ ಎರಡು ಹೀಟರ್ ಹೊತ್ತು ತಂದಿಟ್ಟವರು ಅವರು. ಅಂದಿನಿಂದ ಈ ಊರಿನಲ್ಲಿ ಇವರಿಬ್ಬರಿಗೆ ಹಿರಿಯರು ಅಂತ ಇದ್ದದ್ದು ಅವರೊಬ್ಬರೇ. ಯುಗಾದಿಗೆ ಕಾವಲಿಯಿಂದ ಇಳಿದ ಮೊದಲ ಹೋಳಿಗೆ ಅವರ ಮನೆಗೇ ಹೋಗುತ್ತಿತ್ತು.

ಫರ್ಗಸ್ ಮನೆಯ ಮುಂದೆ ಒಂದು ಪಾಮ್ ಮರವಿತ್ತು. ತೆಂಗಲ್ಲ, ಬೀಸಣಿಗೆಯಂಥ ಗರಿಯ ಚೀನಾ ಕಡೆಯ ಜಾತಿ. ಪಾಮ್‌ಗಳ ಪೈಕಿ ಚಳಿ ತಡೆಯುವ ಗಟ್ಟಿ ಪಿಂಡ. ಬೊಡ್ಡೆಯ ಉದ್ದಕ್ಕೂ ಕರಡಿಯ ಕಾಲಿನ ಹಾಗೆ ಕಂದು ನಾರು ಹೊದ್ದುಕೊಂಡಿತ್ತು. ಮನೆ ಕೊಂಡ ವರ್ಷ ಫರ್ಗಸ್ ಮತ್ತು ಅವರ ಹೆಂಡತಿ ಸೇರಿ ನೆಟ್ಟದ್ದು. ಐರ್ಲೆಂಡಿನ ಮಳೆಯಲ್ಲಿ ಪಾಮ್ ಮರವೇ ಎಂದು ಆಗ ಬೀದಿಯೆಲ್ಲ ನಕ್ಕಿತ್ತಂತೆ. ಮರ ಯಾರ ಮಾತಿಗೂ ಕಿವಿಗೊಡದೆ ಆಳೆತ್ತರ ದಾಟಿ ಬೆಳೆದಿತ್ತು.

ಆ ವರ್ಷ ಮಂಡಿನೋವು ಜಾಸ್ತಿಯಾಗಿ, ಚಳಿಗಾಲ ಕಳೆಯಲು ನವೆಂಬರಿನಲ್ಲೇ ಫರ್ಗಸ್ ಸ್ಪೇನಿನಲ್ಲಿದ್ದ ತಂಗಿಯ ಮನೆಗೆ ಹೊರಟರು. ಮಾರ್ಚ್ ನಡುವಿನ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ವಾಪಸು. ಹೊರಡುವ ದಿನ ನಂಜುಂಡಪ್ಪನನ್ನು ಮರದ ಹತ್ತಿರ ಕರೆದು, ಒಂದು ಸುರುಳಿ ಬಿಳಿ ಬಟ್ಟೆಯನ್ನು ಅವನ ಕೈಗಿತ್ತರು.

"ಕಡು ಚಳಿ ಅಂತ ಸುದ್ದಿ ಬಂದ ದಿನ ಗರಿಗಳನ್ನ ಎತ್ತಿ ಕಟ್ಟು, ಇದನ್ನ ಸುತ್ತು. ಅಷ್ಟೇ. ಆಮೇಲೆ ಆ ನಾರು ಇದೆಯಲ್ಲ, ಅದನ್ನ…"

"ಫರ್ಗಸ್," ಎಂದು ನಂಜುಂಡಪ್ಪ ಕೈ ಎತ್ತಿ ತಡೆದ. "ನಾನು ತಿಪಟೂರಿನವನು."

"ಗ್ರ್ಯಾಂಡ್," ಎಂದರು ಫರ್ಗಸ್. ಆ ದೇಶದಲ್ಲಿ ಸರಿ ಎನ್ನಲೂ, ಆಗಲಿ ಎನ್ನಲೂ, ಇನ್ನು ಸಾಕು ಮಾರಾಯ ಎನ್ನಲೂ ಅದೊಂದೇ ಮಾತು. ಟ್ಯಾಕ್ಸಿ ಹತ್ತಿ ಹೋದರು.

ಅದೇ ಶನಿವಾರ ನಂಜುಂಡಪ್ಪನಿಗೆ ಉಪಕಾರ ಮಾಡುವ ಬುದ್ಧಿ ಬಂತು. ಚಿಕ್ಕವನಿದ್ದಾಗ ಮರ ಹತ್ತುವವರು ತೆಂಗಿನ ಒಣಗರಿ, ಕಸಕಡ್ಡಿಯನ್ನೆಲ್ಲ ಕಿತ್ತು ಮರದ ತಲೆ ಚೊಕ್ಕ ಮಾಡುತ್ತಿದ್ದುದನ್ನು ಅಂಗಡಿಯ ಗಲ್ಲಾದ ಹಿಂದೆ ಕೂತು ನೋಡಿದ್ದ. ಈ ಮರವನ್ನು ಪಾಪ ಯಾರೂ ಚೊಕ್ಕ ಮಾಡಿಯೇ ಇಲ್ಲ! ಏಣಿ ಹಾಕಿದ. ಜೋತುಬಿದ್ದ ಗರಿಗಳನ್ನು ಕತ್ತರಿಸಿದ. ಬೊಡ್ಡೆಯ ನಾರನ್ನು ಬುಡದಿಂದ ತುದಿಯವರೆಗೆ ಸುಲಿದ. ಮೂರು ಚೀಲ ತುಂಬಿತು. ಕೊನೆಗೆ ಹಿಂದೆ ಸರಿದು ನೋಡಿದರೆ, ಮರ ಜವಳ ತೆಗೆಸಿದ ಕೂಸಿನ ಹಾಗೆ ನುಣ್ಣಗೆ ನಿಂತಿತ್ತು. ಎದುರು ಮನೆಯ ನೊರೀನ್ ಪರದೆ ಸರಿಸಿ ನೋಡುತ್ತಿದ್ದಳು. ಅವಳಿಗೆ ಕೈ ಬೀಸಿದ.

ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಚಿತ್ರಾ ಡ್ಯೂಟಿ ಮುಗಿಸಿ ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು. ಫೋನ್ ತೆಗೆದು ಏನನ್ನೋ ಹುಡುಕಿ ಓದಿದಳು.

"ರೀ, ಅದು ಕಸ ಅಲ್ಲ. ಆ ನಾರು ಮರದ ಸ್ವೆಟರು. ಚಳಿಗೆ ಅಂತಾನೇ ಅದು ಬೆಳೆಸ್ಕೊಂಡಿರೋದು."

"ತಿಪಟೂರಲ್ಲಿ…"

"ತಿಪಟೂರಲ್ಲಿ ಮೈನಸ್ ಆರು ಡಿಗ್ರಿ ಯಾವಾಗ ಆಗಿತ್ತು?"

ನಂಜುಂಡಪ್ಪ ಮೂರು ಚೀಲಗಳನ್ನೂ ಮತ್ತೆ ಎಳೆದು ತಂದ. ಸುಲಿದ ನಾರನ್ನು ಟೇಪಿನಿಂದ ಮತ್ತೆ ಅಂಟಿಸಲು ನೋಡಿದ. ಗಾಳಿ ಅದನ್ನು ಬೀದಿಯ ತುಂಬ ಹಂಚಿತು.

ಆಮೇಲೆ ಶುರುವಾಯಿತು ಸೇವೆ. ಡಿಸೆಂಬರಿನಲ್ಲಿ ಕಡು ಚಳಿಯ ಯೆಲ್ಲೋ ವಾರ್ನಿಂಗ್ ಬಂದಾಗ ಫರ್ಗಸ್ ಕೊಟ್ಟ ಬಟ್ಟೆಯನ್ನು ಸುತ್ತಿದ. ಅದು ಸಾಲದೆಂದು ಬಾಸುಮತಿ ಅಕ್ಕಿಯ ಗೋಣಿಚೀಲಗಳನ್ನು ಬಿಚ್ಚಿ ಕಟ್ಟಿದ. ಅದರ ಮೇಲೆ ಚಿತ್ರಾಳ ಹಳೆಯ ಶಾಲು. ಅದರ ಮೇಲೆ ಅವನದೇ ಮದುವೆಯ ಕಾಲದ ರಗ್ಗು. ಎತ್ತಿ ಕಟ್ಟಿದ ಗರಿಗಳ ತುದಿಗೆ, ಅವ್ವ ಕಳಿಸಿದ್ದ ಕೆಂಪು ಮಂಕಿ ಕ್ಯಾಪು. ಅದನ್ನು ಅವನು ಇಲ್ಲಿಗೆ ಬಂದ ಹೊಸತರಲ್ಲಿ ಒಮ್ಮೆ ಹಾಕಿಕೊಂಡು ಬ್ಯಾಂಕಿಗೆ ಹೋಗಿದ್ದಾಗ, ಕಾವಲಿನವನು ಎದ್ದು ನಿಂತಿದ್ದ. ಈಗ ಅದಕ್ಕೊಂದು ಗತಿಯಾಯಿತು. ದಿನಾ ಸಂಜೆ ಕೆಲಸದಿಂದ ಬಂದವನು ಮೊದಲು ಮರದ ಹತ್ತಿರ ಹೋಗಿ, ಒದ್ದೆಯಾದದ್ದನ್ನು ಬಿಚ್ಚಿ, ಒಣಗಿದ್ದನ್ನು ಸುತ್ತುವನು. ಮನೆಯೊಳಗೆ ಹೀಟಿಂಗ್ ಹಾಕಿದಾಗಲೆಲ್ಲ ಹೊರಗೆ ನಿಂತ ಮರದ ನೆನಪಾಗಿ ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಸ್ಪೇನಿನಿಂದ ಫರ್ಗಸ್ ಫೋನ್ ಮಾಡಿದಾಗ ಮಾತ್ರ, "ಮರ ಗ್ರ್ಯಾಂಡ್!" ಎನ್ನುತ್ತಿದ್ದ. ಚಿತ್ರಾ ಕಣ್ಣು ಬಿಡುತ್ತಿದ್ದಳು. "ನಿಜ ಹೇಳ್ಬಿಡ್ರೀ." "ಹಬ್ಬದ ಹೊತ್ತಿಗೆ ಚಿಗುರ್ಕೊಳ್ಳುತ್ತೆ ಬಿಡು," ಎಂದು ಜಾರಿಕೊಳ್ಳುತ್ತಿದ್ದ.

ಫೆಬ್ರವರಿಯ ಕೊನೆಗೆ ಬಟ್ಟೆ ಬಿಚ್ಚಿದಾಗ ನಡುವಿನ ಸುಳಿ ಕಂದಾಗಿತ್ತು. ಮೆಲ್ಲಗೆ ಮುಟ್ಟಿ ನೋಡೋಣವೆಂದು ಹಿಡಿದರೆ, ಸುಳಿ ಸಲೀಸಾಗಿ ಕಿತ್ತು ಕೈಗೆ ಬಂತು. ತೆಂಗಿನ ಬಗ್ಗೆ ಏನೂ ಗೊತ್ತಿಲ್ಲದವನಿಗೂ ಅಷ್ಟು ಗೊತ್ತಿತ್ತು. ಸುಳಿ ಹೋದರೆ ಮರ ಹೋಯಿತು. ನಂಜುಂಡಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತ. ಹೆಂಡತಿಯ ಜೊತೆ ಸೇರಿ ನೆಟ್ಟ ಮರ. ನಂಬಿ ಕೊಟ್ಟುಹೋದ ಮುದುಕನಿಗೆ ಯಾವ ಮುಖ ತೋರಿಸುವುದು?

ಅವತ್ತು ವಿಡಿಯೋ ಕಾಲಿನಲ್ಲಿ ಅವನ ತಾಯಿ ಬಸಲಿಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು. "ಹೆದರಿಸ್ರೋ ಅದನ್ನ. ನನ್ ತವರಲ್ಲಿ ಗೊಡ್ಡು ಹಲಸಿನ ಮರಕ್ಕೆ ಹಂಗೇ ಮಾಡೋರು. ಒಬ್ರು ಕೊಡಲಿ ಎತ್ಕೊಂಡು ಹೋಗಿ, ಕಡಿದೇ ಬಿಡ್ತೀನಿ ಅಂತ ಬಯ್ಯಬೇಕು. ಇನ್ನೊಬ್ರು ಅಡ್ಡ ಬಂದು, ಬ್ಯಾಡ ಬಿಡಿ, ಇನ್ನೊಂದು ವರ್ಷ ನೋಡಾನ, ಜವಾಬ್ದಾರಿ ನಂದು ಅಂತ ಬೇಡ್ಕೋಬೇಕು. ಮರ ಹೆದರಿ ಚಿಗುರ್ತದೆ."

"ಅವ್ವಾ, ನಾನು ಇಂಜಿನಿಯರು."

"ಅದ್ಕೇ ಹಿಂಗಾಗಿರೋದು."

ಮಾತು ಸರಿಯಾಗಿಯೇ ನಾಟಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಚಿತ್ರಾಳಿಗೆ ರಜೆಯಿದ್ದ ಭಾನುವಾರ ನಿಗದಿಯಾಯಿತು. ಅವನು ಬಯ್ಯುವುದು, ಅವಳು ಬೇಡಿಕೊಳ್ಳುವುದು. ಆದರೆ ಮನೆಯಲ್ಲಿ ಕೊಡಲಿ ಎಲ್ಲಿಂದ ಬರಬೇಕು? ತರಕಾರಿ ಚಾಕುವಿಗೆ ಬದನೆಕಾಯಿ ಹೆದರೀತು, ಮರ ಹೆದರೀತೆ? ಗುರುವಾರ ನೊರೀನಳ ಬಾಗಿಲು ತಟ್ಟಿದ.

"ಕೊಡಲಿಯೇ? ಯಾತಕ್ಕೆ?" ಎಂದಳು ನೊರೀನ್.

ಚಿಪ್ ತಯಾರಿಸುವ ಇಂಜಿನಿಯರ್ ತಾನು ಮರವನ್ನು ಹೆದರಿಸಲು ಹೊರಟಿದ್ದೇನೆಂದು ಯಾವ ಬಾಯಲ್ಲಿ ಹೇಳುವುದು? "ಫರ್ಗಸ್ ಅವರ ಪಾಮ್‌ಗೆ. ಭಾನುವಾರ," ಎಂದಷ್ಟೇ ಹೇಳಿದ. ನೊರೀನ್ ಒಂದು ಕ್ಷಣ ಅವನ ಮುಖವನ್ನೇ ನೋಡಿ, ಕೊಡಲಿ ತಂದುಕೊಟ್ಟಳು. ಅವನು ಬೆನ್ನು ತಿರುಗಿಸುವುದಕ್ಕೂ ಅವಳು ಫೋನ್ ಎತ್ತಿಕೊಳ್ಳುವುದಕ್ಕೂ ಸರಿಹೋಯಿತು.

ಭಾನುವಾರ ಬೆಳಿಗ್ಗೆ ಸಣ್ಣ ಮಳೆ ಜಿನುಗುತ್ತಿತ್ತು. ನಂಜುಂಡಪ್ಪ ಕೊಡಲಿ ಹಿಡಿದು ಮರದ ಮುಂದೆ ನಿಂತ. ಚಿತ್ರಾ ಛತ್ರಿ ಹಿಡಿದು ಪಕ್ಕದಲ್ಲಿ ತಯಾರಾದಳು.

"ನೋಡಪ್ಪಾ," ಎಂದ ಮರಕ್ಕೆ.

"ನೋಡಪ್ಪ ಅಂತೆ! ಬಯ್ರೀ, ಕ್ಷೇಮ ವಿಚಾರಿಸ್ಬೇಡಿ."

ನಂಜುಂಡಪ್ಪ ಉಸಿರೆಳೆದುಕೊಂಡ. "ಏ ಗೊಡ್ಡು ಮರವೇ! ಚಿಗುರ್ತೀಯೋ, ಇಲ್ಲಾ ಬುಡಸಮೇತ ಉರುಳಿಸ್ಲೋ?" ಎಂದು ಕೂಗಿ ಕೊಡಲಿ ಎತ್ತಿದ.

ಅಷ್ಟರಲ್ಲಿ ಬೀದಿಯಲ್ಲಿ ಟ್ಯಾಕ್ಸಿಯೊಂದು ಕಿರುಗುಟ್ಟಿ ನಿಂತಿತು. ಬಾಗಿಲು ತೆರೆದು, ಹಬ್ಬಕ್ಕೆ ಬರಬೇಕಿದ್ದ ಫರ್ಗಸ್ ಇಳಿದರು, ಇಳಿದರು ಎನ್ನುವುದಕ್ಕಿಂತ ಹಾರಿದರು. ಮಂಡಿನೋವನ್ನೂ ಮರೆತು ಓಡಿಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು.

"ಬೇಡ ನಂಜು! ಕಡಿಯಬೇಡ! ಇನ್ನೊಂದು ವರ್ಷ ನೋಡೋಣ!"

"ಅಯ್ಯೋ," ಎಂದಳು ಚಿತ್ರಾ, "ಅದು ನಾನು ಹೇಳ್ಬೇಕಾಗಿದ್ದ ಮಾತು!"

ಎತ್ತಿದ ಕೊಡಲಿಯನ್ನು ಇಳಿಸುವುದೋ ಬಿಡುವುದೋ ತಿಳಿಯದೆ ನಂಜುಂಡಪ್ಪ ಕಲ್ಲಾಗಿ ನಿಂತ. ಚಿತ್ರಾಳೇ ಮುಂದೆ ಬಂದು, ಅತ್ತೆ ಹೇಳಿದ ಪದ್ಧತಿಯನ್ನು ಬಿಡಿಸಿ ಹೇಳಿದಳು. ಫರ್ಗಸ್ ಅವರ ಉಸಿರು ನಿಧಾನಕ್ಕೆ ಹತೋಟಿಗೆ ಬಂತು. ಬೋಳು ಬೊಡ್ಡೆಯ ಮೇಲೆ ಕೈಯಾಡಿಸಿದರು.

"ಹೆದರಿಸೋದು ತಿಳಿಯಿತು. ಈ ಕೋಟು ಬಿಚ್ಚಿದ್ದೀಯಲ್ಲ ನಂಜು, ಅದೂ ತಿಪಟೂರಿನ ಪದ್ಧತಿಯೇ?"

ಹೌದು ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಮುದುಕ ಅಡ್ಡ ಪ್ರಶ್ನೆ ಕೇಳುವವರಲ್ಲ. ನಂಜುಂಡಪ್ಪನ ನಾಲಿಗೆಯ ತುದಿಗೆ ಆ ಮಾತು ಬಂದೂ ಬಂತು. ಆದರೆ ಮಳೆಯಲ್ಲಿ ನೆನೆಯುತ್ತ ಮರಕ್ಕೆ ಕೈಯಾನಿಸಿ ನಿಂತವರ ಮುಖ ನೋಡಿ ಅದು ಹೊರಡಲಿಲ್ಲ.

"ಅಲ್ಲ," ಎಂದ. "ನನಗೆ ಏನೂ ಗೊತ್ತಿಲ್ಲ ಫರ್ಗಸ್. ನಮ್ಮದು ಬಟ್ಟೆ ಅಂಗಡಿ. ನಾನು ಜನ್ಮದಲ್ಲಿ ಒಂದು ತುಳಸಿ ಗಿಡವನ್ನೂ ಬೆಳೆಸಿಲ್ಲ. ನಿಮ್ಮ ಮರವನ್ನ ನಾನೇ ಕೊಂದೆ. ಫೋನಿನಲ್ಲಿ ಸುಳ್ಳು ಹೇಳಿದೆ." ಎತ್ತಿದ್ದ ಕೊಡಲಿಯನ್ನು ಕೆಳಗಿಟ್ಟ.

"ನವೆಂಬರಿನಲ್ಲೇ ಗೊತ್ತಿತ್ತು," ಎಂದರು ಫರ್ಗಸ್. ಎದುರು ಮನೆಯ ಪರದೆ ಅಲ್ಲಾಡಿತು. "ನೊರೀನ್ ದಿನಾ ಫೋಟೋ ಕಳಿಸ್ತಿದ್ದಳು."

"ಹಾಗಾದ್ರೆ ಒಂದು ಮಾತು ಬಯ್ಯಬಾರದಿತ್ತೇ?"

"ಬಯ್ಯೋಣ ಅಂತ ಡಿಸೆಂಬರಿನಲ್ಲಿ ಫೋನ್ ಎತ್ತಿದ್ದೆ. ಅಷ್ಟರಲ್ಲಿ ಗೋಣಿಚೀಲದ ಫೋಟೋ ಬಂತು. ಮರುದಿನ ಶಾಲು. ಆಮೇಲೆ ಆ ಟೊಪ್ಪಿ! ಸ್ಪೇನಿನಲ್ಲಿ ಬೀದಿಗೊಂದು ಪಾಮ್ ಇದೆ, ಯಾರೂ ತಲೆಯೆತ್ತಿ ನೋಡಲ್ಲ. ನಾನು ಮಾತ್ರ ಪ್ರತಿ ಸಂಜೆ ನನ್ನ ಮರ ಈವತ್ತು ಏನು ಉಟ್ಟಿದೆ ಅಂತ ಕಾಯ್ತಾ ಕೂತಿರ್ತಿದ್ದೆ. ಮೊರಾ ಹೋದಮೇಲೆ ನಾನೂ ಅದನ್ನ ಅಷ್ಟು ನೋಡಿಕೊಂಡಿರಲಿಲ್ಲ." ಮೊರಾ ಅವರ ಹೆಂಡತಿಯ ಹೆಸರು.

ಆಮೇಲೆ ಅವರು ಏಣಿ ತರಿಸಿ ಹತ್ತಿ, ಸುಳಿ ಕಿತ್ತುಬಂದ ತೂತಿಗೆ ಬೆರಳಿಟ್ಟು ಮೂಸಿ ನೋಡಿದರು. ಕೊಳೆತ ವಾಸನೆ ಇರಲಿಲ್ಲ. ಒಳಗೆ, ಬಹಳ ಕೆಳಗೆ, ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಬದುಕಿದರೂ ಬದುಕೀತು, ಬೇಸಿಗೆವರೆಗೆ ಕಾಯಬೇಕು ಎಂದರು. ನಂಜುಂಡಪ್ಪ ಏಣಿಯನ್ನು ಎರಡೂ ಕೈಯಲ್ಲಿ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

"ಆದರೆ ನಿಮ್ಮ ಶಾಸ್ತ್ರ ಅರ್ಧಕ್ಕೆ ನಿಂತಿತಲ್ಲ," ಎಂದರು ಫರ್ಗಸ್ ಕೆಳಗಿಳಿದು. "ಮರ ಇನ್ನೂ ಪೂರ್ತಿ ಹೆದರಿಲ್ಲ. ಮೊದಲಿಂದ ಮಾಡಿ. ಬೇಡಿಕೊಳ್ಳೋ ಕೆಲಸ ನನಗಿರಲಿ."

ನಂಜುಂಡಪ್ಪ ಕೊಡಲಿ ಎತ್ತಲು ಹೋದ. ಕೈ ಮೇಲೇಳಲಿಲ್ಲ, ಬಾಯಿಯೂ ಏಳಲಿಲ್ಲ. ಚಿತ್ರಾ ಛತ್ರಿ ಮಡಿಚಿ ಅವನ ಕೈಗೆ ಕೊಟ್ಟು, ಕೊಡಲಿ ಕಿತ್ತುಕೊಂಡಳು.

"ಏನೋ ಬಂದಿದೆ ನಿನಗೆ ರೋಗ?" ಎಂದು ಶುರು ಮಾಡಿದಳು ಮರಕ್ಕೆ. "ಎಷ್ಟು ಉಪಚಾರ ಮಾಡ್ಸ್ಕೊಂಡೆ, ಒಂದು ಎಲೆ ಬಿಡೋ ಯೋಗ್ಯತೆ ಇಲ್ಲ! ನಾಚ್ಕೆ ಆಗಲ್ವಾ? ಮೈಮೇಲಿದ್ದ ಮಾನಾನೂ ಕಳ್ಕೊಂಡು ಬೀದಿ ಮಧ್ಯ ನಿಂತಿದ್ದೀಯ!" ಅವಳ ದನಿ ಏರಿತು. "ಗೊತ್ತಿಲ್ಲ ಅಂತ ಒಂದೇ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಬಾಯಿ ಮಾತ್ರ ಊರಗಲ! ಗಾಲ್ವೇ ದಾರಿ ನಂಗೊತ್ತು ಅಂತ ಕಾರ್ಕ್ ಕಡೆ ಕರ್ಕೊಂಡು ಹೋದೆ! ಮಂಚ ನಾನೇ ಜೋಡಿಸ್ತೀನಿ ಅಂದೆ, ಇವತ್ತಿಗೂ ಅದರ ಕಾಲು ಅಲ್ಲಾಡುತ್ತೆ! ಆ ಬಾಯ್ಲರ್ ಕೆಟ್ಟಿದ್ದು ಹೇಗೆ? ನೀನು ಸ್ಕ್ರೂಡ್ರೈವರ್ ಹಿಡ್ಕೊಂಡು ಹೋಗಿದ್ದಕ್ಕೆ!"

ಮರಗಳು ಮಂಚ ಜೋಡಿಸುವುದಿಲ್ಲ, ಕಾರೂ ಓಡಿಸುವುದಿಲ್ಲ. ಗಂಡನನ್ನು ಯಾವತ್ತೂ ನೀವು ಎಂದೇ ಕರೆದವಳು, ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದನ್ನೆಲ್ಲ ಮರದ ಹೆಸರಿನಲ್ಲಿ ತೀರಿಸಿಕೊಳ್ಳುತ್ತಿದ್ದಳು. ನಂಜುಂಡಪ್ಪ ತಲೆ ತಗ್ಗಿಸಿದ. ಚಿತ್ರಾ ಕೊಡಲಿಯನ್ನು ತಲೆಯ ಮೇಲಕ್ಕೆ ಎತ್ತಿದಳು.

ಫರ್ಗಸ್‌ಗೆ ಕನ್ನಡ ಒಂದಕ್ಷರ ಬಾರದು. ಆದರೆ ಅವರೂ ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯ. ಎರಡೂ ಕೈ ಅಗಲಿಸಿ ಅಡ್ಡ ಬಂದರು. ಬಂದವರು ಮರದ ಮುಂದೆ ನಿಲ್ಲಲಿಲ್ಲ, ನಂಜುಂಡಪ್ಪನ ಮುಂದೆ ನಿಂತರು.

"ಬಿಟ್ಟುಬಿಡು ಚಿತ್ರಾ," ಎಂದರು. "ಇನ್ನೊಂದು ವರ್ಷ ನೋಡೋಣ. ಜವಾಬ್ದಾರಿ ನನ್ನದು."

ಚಿತ್ರಾ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೊಡಲಿ ಇಳಿಸಿದಳು.